ಕೂಲಿಯಲ್ಲಿ ಚೌಕಾಸಿ ಬೇಡ, ದಿನಗಳಲ್ಲಿ ಮಾಡಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರಲ್ಲ, ಅದರ ಜೊತೆಗೆ ‘ಬಣ್ಣ ಹೊಡೆಸಿ ನೋಡು’ ಅಂತಲೂ ಸೇರಿಸಬಹುದು. ಮನೆಯನ್ನು ಸಾಲವೋ ಸೋಲವೋ ಮಾಡಿ ಒಂದು ಸಲ ಕಟ್ಟಿ ಮುಗಿಸುತ್ತೇವೆ. ಬಣ್ಣ ಹಾಗಲ್ಲ, ಕೆಲವು ವರ್ಷಕ್ಕೊಮ್ಮೆ ಮತ್ತೆ ಎದುರು ಬಂದು ನಿಲ್ಲುತ್ತದೆ. ಅದೂ ಮದುವೆ, ಹಬ್ಬ, ಬಾಣಂತನ ಅಂತ ಬೇರೆ ಖರ್ಚುಗಳು ಸಾಲಾಗಿ ನಿಂತಿರುವ ಹೊತ್ತಿಗೇ.

ನಮ್ಮ ಮನೆಗೆ ಅದು ಬಂದದ್ದು ಬಾಣಂತನದ ನೆಪದಲ್ಲಿ. ಶಿವಮೊಗ್ಗದಲ್ಲಿ ಅಪ್ಪ 1996ರಲ್ಲಿ ಕಟ್ಟಿಸಿದ ಎರಡು ಬೆಡ್‌ರೂಮಿನ ಮನೆ. ಕಳೆದ ದೀಪಾವಳಿ ಹೊತ್ತಿಗೆ ತಂಗಿಗೆ ನಾಲ್ಕು ತಿಂಗಳು. ಏಳರಲ್ಲಿ ಸೀಮಂತ ಮುಗಿಸಿ ಅವಳನ್ನು ಕರೆತರುವ ಕೋಣೆಯ ಪಡುವಣ ಗೋಡೆ ಪ್ರತಿ ಮಳೆಗಾಲ ಒದ್ದೆಯಾಗಿ, ಮೂಲೆಯಲ್ಲಿ ಕಪ್ಪು ಬೂಷ್ಟು ಕಟ್ಟುತ್ತಿತ್ತು. ಕಿಟಕಿಗಳ ಹಸಿರು ಆಯಿಲ್ ಪೇಂಟು ಹಕ್ಕಳೆ ಎದ್ದು ಉದುರುತ್ತಿತ್ತು. ಕೂಸು ಬರುವ ಮನೆ, ಹಾಗೇ ಬಿಡುವಂತಿರಲಿಲ್ಲ.

ಅಪ್ಪ ನಿವೃತ್ತ ಮೇಷ್ಟ್ರು. ಬಣ್ಣಕ್ಕೆಂದು ಎತ್ತಿಟ್ಟಿದ್ದು 60 ಸಾವಿರ. ಮೊದಲು ಬಂದು ನೋಡಿದ ಕಂಟ್ರಾಕ್ಟರ್ ಹೇಳಿದ್ದು 1 ಲಕ್ಷ 30 ಸಾವಿರ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ, ಉಳಿದದ್ದು ನಾನು ಹಾಕುತ್ತೇನೆ ಅಂದೆ. ‘ನಿನ್ನ ದುಡ್ಡು ಹೆರಿಗೆ ಖರ್ಚಿಗೆ ಇರಲಿ ಕಣೇ, ಗೋಡೆಗೆ ಬೇಡ’ ಅಂದರು ಅಪ್ಪ. ಸರಿ, 60 ಸಾವಿರದೊಳಗೇ ಮುಗಿಸುವ ದಾರಿ ಹುಡುಕಬೇಕಾಯಿತು.

ಮೊದಲು ಟೇಪು ಹಿಡಿಯಿರಿ

ಮೂರು ಜನರ ಹತ್ತಿರ ರೇಟು ಕೇಳಿದರೆ ಮೂರು ಮೊತ್ತ ಬರುತ್ತದೆ. ಅವನ್ನು ಒಂದಕ್ಕೊಂದು ಹೋಲಿಸುವುದರಲ್ಲಿ ಅರ್ಥವಿಲ್ಲ, ಯಾಕಂದರೆ ಅವು ಮೂರು ಬೇರೆ ಬೇರೆ ಕೆಲಸದ ರೇಟು. ನಮ್ಮಲ್ಲೂ ಹಾಗೇ ಆಯಿತು. ಒಬ್ಬರು ಇಡೀ ಮನೆಗೆ ಎರಡು ಕೋಟ್ ಪಟ್ಟಿ ಸೇರಿಸಿದ್ದರು, ಇನ್ನೊಬ್ಬರ ಲೆಕ್ಕದಲ್ಲಿ ಪ್ರೈಮರೇ ಇರಲಿಲ್ಲ, ಮೂರನೆಯವರು ‘ನೋಡ್ಕೊಂಡು ಕೊಡಿ ಮೇಡಂ’ ಅಂದರು. ಅದಕ್ಕೇ ಮೊದಲು ಕೆಲಸದ ಪಟ್ಟಿ ನೀವೇ ಬರೆಯಿರಿ. ಯಾವ ಕೋಣೆಗೆ ಏನು, ಎಷ್ಟು ಕೋಟ್, ಯಾವ ದರ್ಜೆಯ ಪೇಂಟು, ಸಾಮಾನು ಯಾರು ತರುತ್ತಾರೆ, ಕೊನೆಗೆ ನೆಲ ಯಾರು ಒರೆಸುತ್ತಾರೆ, ಎಲ್ಲಾ ಇರಲಿ. ಒಂದೇ ಪಟ್ಟಿ ಎಲ್ಲರಿಗೂ ಕೊಟ್ಟು ರೇಟು ಕೇಳಿ.

ಅಳತೆ ಕಷ್ಟವಲ್ಲ. 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರದ ಕೋಣೆ ತಗೊಳ್ಳಿ. ಸುತ್ತಳತೆ 44 ಅಡಿ, ಎತ್ತರ 10, ಗೋಡೆ 440 ಚದರಡಿ. ಸೀಲಿಂಗ್ 120. ಒಟ್ಟು 560. ಒಂದು ಬಾಗಿಲು 21, ಒಂದು ಕಿಟಕಿ 16 ಕಳೆದರೆ 523. ಡಬ್ಬಿಯ ಮೇಲೆ ಬರೆದ ಕವರೇಜು ನುಣುಪಾದ ಗೋಡೆಯದ್ದು, ಹಳೇ ಗೋಡೆ ಅದಕ್ಕಿಂತ ಜಾಸ್ತಿ ಕುಡಿಯುತ್ತದೆ. ನಮ್ಮ ಗೋಡೆಗೆ ಎರಡು ಕೋಟ್ ಸೇರಿ ಲೀಟರಿಗೆ ಸುಮಾರು 80 ಚದರಡಿ ಬಂತು. ಅಂದರೆ ಈ ಕೋಣೆಗೆ ಆರೂವರೆ ಲೀಟರು. ಲೆಕ್ಕ ಕೈಯಲ್ಲಿದ್ದರೆ 10 ಲೀಟರು ಬೇಕೋ 20 ಬೇಕೋ ಅಂತ ಅಂಗಡಿಯಲ್ಲಿ ನಿಂತು ಯೋಚಿಸಬೇಕಾಗಿಲ್ಲ. 20 ಲೀಟರಿನ ಬಕೆಟ್ಟಿನಲ್ಲಿ ಲೀಟರಿನ ಬೆಲೆ ಸಣ್ಣ ಡಬ್ಬಿಗಿಂತ ಕಮ್ಮಿ ಬೀಳುತ್ತದೆ. ಹಾಗಾಗಿ ಎಲ್ಲಾ ಸೀಲಿಂಗಿಗೂ ಒಂದು ಬಿಳಿ, ಎಲ್ಲಾ ಗೋಡೆಗೂ ಒಂದೇ ತಿಳಿ ಬಣ್ಣ ಅಂತ ಇಟ್ಟುಕೊಂಡರೆ ಉಳಿತಾಯ. ಗಾಢ ಬಣ್ಣಕ್ಕೆ ದುಡ್ಡೂ ಜಾಸ್ತಿ, ಎಷ್ಟೋ ಸಲ ಕೋಟೂ ಜಾಸ್ತಿ.

ನೀರು ಎಲ್ಲಿಂದ?

ಒದ್ದೆ ಗೋಡೆಯ ಮೇಲೆ ಎಷ್ಟೇ ದುಬಾರಿ ಪೇಂಟು ಹೊಡೆದರೂ ಮುಂದಿನ ಮಳೆಗಾಲಕ್ಕೆ ಅದು ಗುಳ್ಳೆ ಎದ್ದು ಉದುರುತ್ತದೆ. ಒಂದು ಸುಲಭ ಪರೀಕ್ಷೆ ಇದೆ. ಗೇಣುದ್ದದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಗೋಡೆಗೆ ಅಂಟಿಸಿ ಒಂದೆರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕೂತಿದ್ದರೆ ನೀರು ಗೋಡೆಯೊಳಗಿಂದ ಬರುತ್ತಿದೆ ಅಂತ. ಹೊರಮೈಯಲ್ಲಿದ್ದರೆ ಅದು ಕೋಣೆಯ ಗಾಳಿಯ ತೇವ, ಕಿಟಕಿ ತೆರೆದಿಟ್ಟು ಗಾಳಿ ಆಡುವಂತೆ ನೋಡಿಕೊಳ್ಳಬೇಕು.

ನಮ್ಮದರಲ್ಲಿ ಹನಿ ಒಳಗೇ ಇತ್ತು. ತಾರಸಿ ಹತ್ತಿ ನೋಡಿದರೆ ಮಳೆನೀರಿನ ಪೈಪು ಒಡೆದು ನೀರು ಗೋಡೆಗೇ ಇಳಿಯುತ್ತಿತ್ತು, ಪ್ಯಾರಾಪೆಟ್ ಗೋಡೆಯ ಬುಡದಲ್ಲಿ ಬಿರುಕು. ಗಾರೆ ಕೆಲಸದವರನ್ನು ಕರೆಸಿ ಎರಡನ್ನೂ ಸರಿಮಾಡಿಸಲು 6,500 ರೂಪಾಯಿ ಆಯಿತು. ಆಮೇಲೆ ಮೂರು ವಾರ ಗೋಡೆಯನ್ನು ಒಣಗಲು ಬಿಟ್ಟೆವು. ‘ಬಣ್ಣದ ದುಡ್ಡು ಪೈಪಿಗೆ ಹೋಯ್ತಲ್ಲ’ ಅಂತ ಅಪ್ಪನಿಗೆ ಕಸಿವಿಸಿ. ಆದರೆ ಬಾಣಂತಿಯ ಕೋಣೆಗೆ ನಿಜವಾಗಿ ಬೇಕಿದ್ದ ಕೆಲಸ ಅದೇ ಆಗಿತ್ತು.

ಇನ್ನೊಂದು ಪರೀಕ್ಷೆ ಅಂಗೈಯದು. ಹಳೇ ಗೋಡೆಯನ್ನು ಅಂಗೈಯಿಂದ ಉಜ್ಜಿ. ಕೈಗೆ ಹಿಟ್ಟಿನಂತೆ ಪುಡಿ ಹತ್ತಿದರೆ ಅದು ಸಡಿಲವಾದ ಡಿಸ್ಟೆಂಪರ್ ಅಥವಾ ಸುಣ್ಣ. ಅದನ್ನು ಕೆರೆದು, ತೊಳೆದು, ಪ್ರೈಮರ್ ಹೊಡೆಯದೆ ಎಮಲ್ಷನ್ ಹಾಕಿದರೆ ಹಪ್ಪಳದ ಹಾಗೆ ಎದ್ದು ಬರುತ್ತದೆ.

ಹದಿನೆಂಟು ದಿನದ ಲೆಕ್ಕ

ಈಗ ಮುಖ್ಯ ವಿಷಯ. ಹಳೇ ಮನೆಗೆ ಬಣ್ಣ ಹೊಡೆಸುವಾಗ ಬಣ್ಣದಷ್ಟೇ, ಎಷ್ಟೋ ಸಲ ಅದಕ್ಕಿಂತ ಹೆಚ್ಚು, ಕೂಲಿಗೆ ಹೋಗುತ್ತದೆ. ಹಾಗಾಗಿ ಎಲ್ಲರೂ ಮೊದಲು ಕೈ ಹಾಕುವುದು ಅದಕ್ಕೇ. ನಾವು ಒಪ್ಪಿದ ಪೇಂಟರ್ ಮೇಸ್ತ್ರಿ ತನಗೆ ಮತ್ತು ಜೊತೆಯವನಿಗೆ ದಿನಕ್ಕೆ ತಲಾ 950, ಒಟ್ಟು 18 ದಿನ ಅಂದಿದ್ದರು. ‘ಏಳ್ನೂರಕ್ಕೆ ಬರೋರು ಬೇಕಾದಷ್ಟು ಜನ ಇದ್ದಾರೆ ಮೇಷ್ಟ್ರೇ, ಒತ್ತಿ ಕೇಳಿ’ ಅಂತ ಪಕ್ಕದ ಮನೆಯವರು ಅಪ್ಪನಿಗೆ ಸಲಹೆ ಕೊಟ್ಟರು. ಅಪ್ಪ ಕೇಳಿಯೂ ಕೇಳಿದರು.

ಮೇಸ್ತ್ರಿ ಸಿಟ್ಟಾಗಲಿಲ್ಲ. ‘ಕಮ್ಮಿ ಮಾಡಬಹುದು ಸಾರ್. ಆಮೇಲೆ ಅದನ್ನ ನಾನು ಎಲ್ಲಿ ಹಿಡೀಲಿ? ಪೇಂಟಿಗೆ ನೀರು ಜಾಸ್ತಿ ಸೇರಿಸ್ಬೇಕು, ಇಲ್ಲಾಂದ್ರೆ ಪ್ರೈಮರ್ ಬಿಡ್ಬೇಕು. ಹೊಡೆದ ದಿನ ಗೊತ್ತಾಗಲ್ಲ, ಎರಡು ವರ್ಷ ಬಿಟ್ಟು ಗೊತ್ತಾಗುತ್ತೆ’ ಅಂದರು. ಇಷ್ಟು ನೇರವಾಗಿ ಹೇಳುವವರು ಸಿಗುವುದು ಅಪರೂಪ.

ನಮ್ಮ ಆಫೀಸಿನಲ್ಲಿ ಯಾರಾದರೂ ‘ಈ ಕೆಲಸಕ್ಕೆ 18 ದಿನ ಬೇಕು’ ಅಂದರೆ ಮುಂದಿನ ಪ್ರಶ್ನೆ ‘ಯಾವುದಕ್ಕೆ ಎಷ್ಟು?’ ಅಂತ. ಅದನ್ನೇ ಕೇಳಿದೆ. ಮೇಸ್ತ್ರಿ ಬೆರಳು ಮಡಿಸಿ ಎಣಿಸಿದರು. ಮಂಚ, ಬೀರು, ಪಾತ್ರೆ ಎಲ್ಲಾ ಎಳೆದು ಮುಚ್ಚುವುದಕ್ಕೆ ಒಂದು ದಿನ. ಒಳಗಿನ ಗೋಡೆ ಕೆರೆದು ತೊಳೆಯುವುದಕ್ಕೆ ಎರಡು ದಿನ. ಕೊನೆಗೆ ನೆಲದ ಕಲೆ ತೆಗೆದು ಸಾಮಾನು ಜೋಡಿಸುವುದಕ್ಕೆ ಒಂದು ದಿನ. ಚಿಕ್ಕ ಬೆಡ್‌ರೂಮಿನ ಪೇಂಟಿಂಗಿಗೆ ಎರಡು ದಿನ. ಒಟ್ಟು ಆರು ದಿನದ ಕೆಲಸ ನಾನು, ಅಮ್ಮ, ಊರಿಗೆ ಬಂದಿದ್ದ ಚಿಕ್ಕಪ್ಪನ ಮಗ ಸೇರಿ ಮಾಡಬಹುದಾದದ್ದು. ‘ಈ ಆರು ದಿನ ನಮಗೆ ಬಿಡಿ, ಉಳಿದ 12 ದಿನಕ್ಕೆ ನೀವು ಹೇಳಿದ 950 ಪೂರ್ತಿ ಕೊಡ್ತೀವಿ’ ಅಂದೆ. ಅವರಿಗೂ ನಷ್ಟವಿಲ್ಲ, ಆ ಆರು ದಿನ ಬೇರೆ ಕಡೆ ಕೆಲಸ ಒಪ್ಪಿಕೊಂಡರು. ನಮಗೆ ಉಳಿದದ್ದು 11,400 ರೂಪಾಯಿ, ಯಾರ ಕೂಲಿಯನ್ನೂ ಮುರಿಯದೆ.

ಪೇಂಟು ನಾವೇ ತಂದೆವು. ಡಬ್ಬಿಗಳಲ್ಲಿ ಪೇಂಟರ್‌ಗಳಿಗೆಂದು ಕಂಪನಿಗಳು ಟೋಕನ್ ಅಥವಾ ಫೋನಿನಲ್ಲಿ ಸ್ಕ್ಯಾನ್ ಮಾಡುವ ಪಾಯಿಂಟ್ ಇಡುವುದುಂಟು. ಅದು ಬರುತ್ತದೆ ಅಂತ ‘ಇದೇ ಕಂಪನಿದು ತನ್ನಿ’ ಅನ್ನುವವರೂ ಇರುತ್ತಾರೆ. ನಮ್ಮ ಆಯ್ಕೆಯ ಪೇಂಟು ತಂದು, ಸಿಕ್ಕ ಟೋಕನ್ನುಗಳನ್ನು ಮೇಸ್ತ್ರಿಗೇ ಕೊಟ್ಟೆವು. ನಮಗೆ ಅದರಿಂದ ಕಳೆದುಹೋದದ್ದು ಏನೂ ಇಲ್ಲ.

ನಮ್ಮ ಕೈಯಲ್ಲಿ ಆಗುವುದು, ಆಗದ್ದು

ಒಳಗಿನ ಒಂದು ಕೋಣೆ ಯಾರು ಬೇಕಾದರೂ ಹೊಡೆಯಬಹುದು. 9 ಇಂಚಿನ ರೋಲರ್, ಒಂದು ಟ್ರೇ, ಮೂಲೆಗಳಿಗೆ 2 ಇಂಚಿನ ಬ್ರಶ್, ಪಟ್ಟಿ ಬ್ಲೇಡು, ಉಪ್ಪುಕಾಗದ, ಮಾಸ್ಕಿಂಗ್ ಟೇಪು, ಹಳೇ ಪೇಪರು, ಹಳೇ ಬೆಡ್‌ಶೀಟು ಸಾಕು. ಬಿರುಕಿಗೆ ಪಟ್ಟಿ ತುಂಬಿ, ಒಣಗಿದ ಮೇಲೆ ಉಜ್ಜಿ, ಧೂಳು ಒರೆಸಿ ಪ್ರೈಮರ್. ಮೊದಲು ಸೀಲಿಂಗ್, ಆಮೇಲೆ ಗೋಡೆ, ಕೊನೆಗೆ ಬಾಗಿಲು ಕಿಟಕಿ. ಮೂಲೆ ಮತ್ತು ಅಂಚನ್ನು ಬ್ರಶ್ಶಿನಲ್ಲಿ ಎಳೆದು, ಅದು ಹಸಿಯಿರುವಾಗಲೇ ರೋಲರ್ ಓಡಿಸಿದರೆ ಗೆರೆ ಕಾಣುವುದಿಲ್ಲ. ನೀರು ಎಷ್ಟು ಬೆರೆಸಬೇಕು, ಎರಡು ಕೋಟ್ ನಡುವೆ ಎಷ್ಟು ಗಂಟೆ ಬಿಡಬೇಕು ಅನ್ನುವುದು ಡಬ್ಬಿಯ ಮೇಲೇ ಇರುತ್ತದೆ. ಶನಿವಾರ, ಭಾನುವಾರ ಎರಡು ದಿನದಲ್ಲಿ ನಮ್ಮ ಕೋಣೆ ಮುಗಿಯಿತು. ಸೋಮವಾರ ಮೀಟಿಂಗಿನಲ್ಲಿ ಕೈ ಎತ್ತಲು ಆಗಲಿಲ್ಲ, ಅದು ಬೇರೆ ವಿಷಯ.

ಹೊರಗಿನ ಎತ್ತರದ ಗೋಡೆ ಮಾತ್ರ ನಮ್ಮ ಕೆಲಸವಲ್ಲ. ಅಪ್ಪ ಏಣಿ ಹತ್ತಲು ಎರಡು ಸಲ ನೋಡಿದರು, ಅಮ್ಮ ಎರಡು ಸಲವೂ ಇಳಿಸಿದರು. ಅಲ್ಲಿ ಕೆಲಸ ಮಾಡುವವರಿಗೂ ಗಟ್ಟಿಯಾದ ಸಾರವೆ, ಹೆಲ್ಮೆಟ್, ಸೊಂಟಕ್ಕೆ ಬೆಲ್ಟ್ ಇದೆಯೇ ಅಂತ ಕೇಳಿ. ಆ ಖರ್ಚನ್ನು ಯಾರೂ ಉಳಿಸಬಾರದು.

ಹಳೇ ಕಿಟಕಿ ಬಾಗಿಲಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಹಳೆಯ ಆಯಿಲ್ ಪೇಂಟುಗಳಲ್ಲಿ ಸೀಸ ಇರುವ ಸಾಧ್ಯತೆ ಇದೆ. ಮನೆಗೆ ಬಳಸುವ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮವನ್ನು ಕೇಂದ್ರ ಸರ್ಕಾರ 2016ರಲ್ಲಿ ಮಾಡಿತು, ಅದು 2017ರ ನವೆಂಬರ್‌ನಿಂದ ಜಾರಿಗೆ ಬಂತು. ನಮ್ಮ ಕಿಟಕಿಯ ಹಸಿರು ಬಣ್ಣ ಅದಕ್ಕಿಂತ ಎಷ್ಟೋ ಹಳೆಯದು. ಸೀಸ ಮಕ್ಕಳ ಮಿದುಳಿನ ಬೆಳವಣಿಗೆಗೆ ಕೆಟ್ಟದ್ದು, ಇಷ್ಟಾದರೆ ಪರವಾಗಿಲ್ಲ ಅನ್ನುವ ಸುರಕ್ಷಿತ ಮಟ್ಟವೇ ಅದಕ್ಕೆ ಗೊತ್ತಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದಕ್ಕೇ ಒಣಗಿದ ಪೇಂಟನ್ನು ಹಾಗೇ ಉಜ್ಜಿ ಧೂಳೆಬ್ಬಿಸಲು ಬಿಡಲಿಲ್ಲ. ನೀರು ಚಿಮುಕಿಸಿ, ವಾಟರ್ ಪೇಪರಿನಲ್ಲಿ ಉಜ್ಜಿ, ಮುಖಕ್ಕೆ ಮಾಸ್ಕ್ ಹಾಕಿ, ಉದುರಿದ್ದನ್ನು ಪೇಪರಿನಲ್ಲಿ ಹಿಡಿದು ಚೀಲಕ್ಕೆ ತುಂಬಿ ಕಟ್ಟಿದ್ದಾಯಿತು. ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲೇ ಒರೆಸಿದೆವು. ‘ಕೆಲಸ ನೋಡಲು ಬರ್ತೀನಿ’ ಅಂತ ತಂಗಿ ದಾವಣಗೆರೆಯಿಂದ ಫೋನ್ ಮಾಡಿದಳು. ಎಲ್ಲಾ ಮುಗಿದು, ಮನೆ ತೊಳೆದು, ವಾಸನೆ ಹೋಗುವ ತನಕ ಬರಬೇಡ ಅಂದೆವು. ಗರ್ಭಿಣಿಯರು, ಪುಟ್ಟ ಮಕ್ಕಳು ಇರುವ ಮನೆಯವರು ಈ ಒಂದು ಮಾತನ್ನಾದರೂ ನೆನಪಿಟ್ಟುಕೊಳ್ಳಿ.

ಅಮ್ಮನ ಸುಣ್ಣ

ಹಿತ್ತಲಿನ ಕಾಂಪೌಂಡು ಮತ್ತು ಸೌದೆ ಕೊಟ್ಟಿಗೆಗೂ ಪೇಂಟು ಅಂತ ಮೇಸ್ತ್ರಿ ಬರೆದಿದ್ದರು. ‘ಅದಕ್ಯಾಕೆ ಪೇಂಟು? ಸುಣ್ಣ ಹೊಡೆದರೆ ಆಯ್ತು’ ಅಂದರು ಅಮ್ಮ. ಅವರ ಮಾತು ಸರಿ. ಸುಣ್ಣ ಬಳಿದ ಗೋಡೆಯಿಂದ ತೇವ ಆರಿಹೋಗುತ್ತದೆ, ಬೂಷ್ಟು ಅದರ ಮೇಲೆ ಸುಲಭಕ್ಕೆ ಹತ್ತುವುದಿಲ್ಲ. ಆದರೆ ಎಮಲ್ಷನ್ನೋ ಆಯಿಲ್ ಪೇಂಟೋ ಹೊಡೆದ ಗೋಡೆಗೆ ಸುಣ್ಣ ಹಿಡಿಯುವುದಿಲ್ಲ, ಬರೀ ಗಾರೆ ಅಥವಾ ಹಳೇ ಸುಣ್ಣದ ಗೋಡೆ ಇರಬೇಕು. ಸುಣ್ಣದ ಕಲ್ಲನ್ನು ಡ್ರಮ್ಮಿನ ನೀರಿಗೆ ಹಾಕಿದರೆ ಕೊತಕೊತ ಕುದಿಯುತ್ತದೆ, ಮಕ್ಕಳು ಹತ್ತಿರ ಸುಳಿಯಬಾರದು. ರಾತ್ರಿಯಿಡೀ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಅಂಟು, ಚಿಟಿಕೆ ನೀಲಿ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲಿ. ಕೆಲವೇ ನೂರು ರೂಪಾಯಿಯಲ್ಲಿ ಹಿತ್ತಲು ಬೆಳ್ಳಗಾಯಿತು.

ಒಟ್ಟು ಲೆಕ್ಕ

ತಾರಸಿ ಬಿರುಕು ಮತ್ತು ಪೈಪು: 6,500
ಒಳಗಿನ ಎಮಲ್ಷನ್: 8,500
ಪ್ರೈಮರ್: 2,600
ಹೊರಗಿನ ಎಮಲ್ಷನ್: 6,200
ಕಿಟಕಿ ಬಾಗಿಲಿನ ಎನಾಮೆಲ್, ಟರ್ಪೆಂಟೈನ್: 2,400
ಪಟ್ಟಿ, ಬ್ರಶ್, ರೋಲರ್, ಸುಣ್ಣ ಇತ್ಯಾದಿ: 3,300
ಕೂಲಿ, ಇಬ್ಬರಿಗೆ 12 ದಿನ: 22,800
ಒಟ್ಟು: 52,300 ರೂಪಾಯಿ

ಕಂಟ್ರಾಕ್ಟರ್ ಹೇಳಿದ 1 ಲಕ್ಷ 30 ಸಾವಿರದಲ್ಲಿ ಇಡೀ ಮನೆಗೆ ಪಟ್ಟಿ, ಮೇಲ್ದರ್ಜೆಯ ಪೇಂಟು ಇತ್ತು. ನಮ್ಮ ಗೋಡೆ ಕನ್ನಡಿಯ ಹಾಗೇನೂ ಆಗಿಲ್ಲ, ಹತ್ತಿರ ಹೋಗಿ ನೋಡಿದರೆ ಹಳೇ ಏರುತಗ್ಗು ಕಾಣುತ್ತದೆ. ಆದರೆ ಒಣಗಿದ ಗೋಡೆ, ಉದುರದ ಕಿಟಕಿ, ಸ್ವಚ್ಛವಾದ ಕೋಣೆ ಇದೆ. ನಮಗೆ ಬೇಕಿದ್ದದ್ದು ಅಷ್ಟೇ.

ಕೊನೆಗೆ ಎರಡು ಸಣ್ಣ ಮಾತು. ಶೇಡಿನ ಹೆಸರು, ನಂಬರು, ತಂದ ತಾರೀಕು ಒಂದು ಚೀಟಿಯಲ್ಲಿ ಬರೆದು ಬೀರುವಿನ ಬಾಗಿಲಿನ ಒಳಗೆ ಅಂಟಿಸಿಡಿ, ಮುಂದೆ ಒಂದು ಮೂಲೆ ಕಿತ್ತುಹೋದರೆ ಇಡೀ ಗೋಡೆ ಹೊಡೆಸುವ ಗೋಜು ತಪ್ಪುತ್ತದೆ. ದುಡ್ಡು ಪೂರ್ತಿ ಮುಂಗಡ ಕೊಡಬೇಡಿ, ಆದರೆ ವಾರದ ಕೂಲಿಯನ್ನು ಒಂದು ದಿನವೂ ತಡಮಾಡಬೇಡಿ. ಮುಂದೆ ನಿಮ್ಮ ಮನೆಗೆ ಪೇಂಟರ್ ಬಂದಾಗ ‘ಒಟ್ಟು ಎಷ್ಟಕ್ಕೆ ಮಾಡ್ತೀರಿ?’ ಅಂತ ಕೇಳುವ ಮೊದಲು ‘ಎಷ್ಟು ದಿನ, ಯಾವ್ಯಾವುದಕ್ಕೆ?’ ಅಂತ ಕೇಳಿ. ಚೌಕಾಸಿಗೆ ಜಾಗ ಇರುವುದು ಅಲ್ಲಿ.