ಘಾಟಿ ರೈಲಿಗೆ ‘ಕಟ್’ ಹೇಳೋರಿಲ್ಲ!

ಕೇರಳದ ಗಡಿಗೆ ಅಂಟಿಕೊಂಡಿರುವ ನಮ್ಮ ಕೊಡಗಿನ ಕರಿಕೆಯಲ್ಲಿ ಕಾಡುಂಟು, ಹೊಳೆಯುಂಟು, ಮಳೆಯಂತೂ ಸಾಕಪ್ಪಾ ಸಾಕು ಅನ್ನುವಷ್ಟುಂಟು. ಇಲ್ಲದ್ದು ರೈಲು! ಕರಿಕೆ ಮಾತ್ರ ಯಾಕೆ, ಇಡೀ ಕೊಡಗಿನಲ್ಲೇ ಒಂದು ರೈಲು ನಿಲ್ದಾಣವಿಲ್ಲ. ಹಾಗಾಗಿ ಅಲ್ಲಿನ ಹುಡುಗರಿಗೆ ರೈಲೆಂದರೆ ಸಿನಿಮಾದ ರೈಲೇ. ಹೀರೋ ಓಡಿ ಬಂದು ಹತ್ತುವ ರೈಲು, ವಿಲನ್ ಉರುಳಿ ಬೀಳುವ ರೈಲು.

ಅಂಥ ಇಬ್ಬರು ಅಭಿಮಾನಿಗಳ ಜೊತೆ ಈ ವಾರ ನನ್ನ ಸವಾರಿ. ಪಾಣತ್ತೂರಿಗೆ ಇಳಿದು, ಸುಳ್ಯ ಸೇರಿ, ಗುತ್ತಿಗಾರಿನ ಮೇಲಾಗಿ ನೆಟ್ಟಣದ ಸುಬ್ರಹ್ಮಣ್ಯ ರೋಡ್ ಸ್ಟೇಷನ್ ತಲುಪಿದೆವು. ಘಟ್ಟ ಹತ್ತೋ ರೈಲು ನೋಡಲು ಇದು ಪ್ರಶಸ್ತ ಜಾಗ, ಓದುಗ ಮಿತ್ರರೇ!

ಇಲ್ಲಿಂದ ಸಕಲೇಶಪುರಕ್ಕೆ 55 ಕಿಲೋಮೀಟರ್. ನಡುವೆ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. 50 ಅಡಿ ಮುಂದೆ ಹೋದರೆ 1 ಅಡಿ ಮೇಲೇರುವ ದಾರಿ. 1979ರಲ್ಲಿ ಮೀಟರ್ ಗೇಜ್ ಆಗಿ ಶುರುವಾದ ಈ ಮಾರ್ಗದಲ್ಲಿ, ಬ್ರಾಡ್ ಗೇಜ್ ಆದ ಮೇಲೆ ಪ್ರಯಾಣಿಕರ ಗಾಡಿ ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಭಾರದ ಗಾಡಿಗೆ ಮುಂದಿನ ಎಂಜಿನ್ ಸಾಲದು. ಹಿಂದಿನಿಂದಲೂ ಎಂಜಿನ್ ಕಟ್ಟಿ ನೂಕುತ್ತಾರೆ. ಅದರ ಗುಡುಗಿಗೆ ಪ್ಲಾಟ್‌ಫಾರಂ ನಡುಗುತ್ತೆ. ನಮ್ಮ ಹುಡುಗರು ಹಾಕಿದ ಶಿಳ್ಳೆಯೋ, ಮೊದಲ ದಿನದ ಮೊದಲ ಆಟದ್ದೇ!

ಅಷ್ಟಕ್ಕೇ ನಿಂತರೆ ಸರಿ. ಒಬ್ಬ ಶುರುಮಾಡಿದ: “ಅಣ್ಣಾ, ಎಡಕುಮೇರಿ ತನಕ ಹಳಿ ಮೇಲೆ ನಡೆದೇ ಹೋಗುವ. ಸೇತುವೆ ನಡುವೆ ನಿಂತು ಒಂದು ರೀಲ್ಸ್, ಥೇಟ್ ಹೀರೋ ಹಾಗೆ!”

ನಾನು ‘ಆರಾಧನಾ’ (1969) ಕಥೆ ಹೇಳಿದೆ. ಡಾರ್ಜಿಲಿಂಗ್‌ನ ಪುಟ್ಟ ರೈಲಿನ ಪಕ್ಕ ಜೀಪಿನಲ್ಲಿ ಹಾಡುವ ರಾಜೇಶ್ ಖನ್ನಾ, ರೈಲಿನ ಕಿಟಕಿಯಲ್ಲಿ ನಾಚುವ ಶರ್ಮಿಳಾ ಟಾಗೋರ್. ಆದರೆ ಆ ಹಾಡಿನಲ್ಲಿ ಶರ್ಮಿಳಾ ಕೂತಿದ್ದು ಸ್ಟುಡಿಯೋದಲ್ಲಿ! ಸಿನಿಮಾ ಅಂದರೆ ಹೀಗೆ ಸ್ವಾಮಿ. ಅಪಾಯ ಬೆಳ್ಳಿತೆರೆಗೆ, ಕ್ಷೇಮ ನಟರಿಗೆ. ಡೈರೆಕ್ಟರು ‘ಕಟ್’ ಅಂದರೆ ಎಲ್ಲ ನಿಂತಿತು. ಘಾಟಿಯಲ್ಲಿ ಇಳಿಜಾರಿನಲ್ಲಿ ಬರುವ ಗಾಡಿ ಯಾರು ಕೈಬೀಸಿದರೂ ಗಕ್ಕನೆ ನಿಲ್ಲದು. ಸುರಂಗದೊಳಗೆ ಓಡಲು ಜಾಗವೆಲ್ಲಿ? ಹಳಿ ಮೇಲೆ ನಡೆಯೋದು ಕಾನೂನಿಗೂ ತಪ್ಪು: 6 ತಿಂಗಳವರೆಗೆ ಜೈಲು, ಇಲ್ಲವೆ 1000 ರೂಪಾಯಿವರೆಗೆ ದಂಡ, ಎರಡೂ ಬಿದ್ದೀತು.

ಆ ಹಳಿ ಮೇಲೆ ನಡೆಯುವ ಹಕ್ಕಿರೋದು ಒಬ್ಬರಿಗೇ, ಕಾವಲಿನ ಗ್ಯಾಂಗ್‌ಮನ್‌ಗೆ. ಮಳೆಗಾಲದ ರಾತ್ರಿ ಲೈಟು ಹಿಡಿದು, ಗುಡ್ಡ ಜರಿದಿದೆಯೇ ಎಂದು ನೋಡುತ್ತಾ ಹೋಗುವಾತ. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಮಣ್ಣು ಕುಸಿದು ರೈಲು ನಿಂತಾಗ, ಸುರಿವ ಮಳೆಯಲ್ಲೇ ಮಾರ್ಗ ಎತ್ತಿ ನಿಲ್ಲಿಸಿದವರೂ ಇಂಥ ಕೆಲಸಗಾರರೇ. ಅವರಿಗೆ ಕಟೌಟಿಲ್ಲ, ಹಾರವಿಲ್ಲ.

ಹುಡುಗರು ಸುಮ್ಮನಾದರು. ಮುಂದಿನ ಸಲ ಟಿಕೆಟ್ ತೆಗೆದು ಹಗಲು ಗಾಡಿಯಲ್ಲೇ ಹೋಗೋದೆಂದು ತೀರ್ಮಾನವಾಯಿತು. 2021ರ ಜುಲೈನಲ್ಲಿ ಈ ಮಾರ್ಗದ ಹಗಲು ರೈಲಿಗೆ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿ ಬಂತು. ಕೈಯಲ್ಲಿ ಕಾಸಿಲ್ಲವೇ, ಸಾದಾ ಬೋಗಿಯ ಕಿಟಕಿಯಲ್ಲೂ ಅದೇ ಘಟ್ಟ, ಅದೇ ಕಣಿವೆ. ಬಾಗಿಲಲ್ಲಿ ಮಾತ್ರ ಜೋತಾಡಬೇಡಿ.

ಏನಂತೀರಿ, ಹೊರಡೋಣವೇ?