ಬುದ್ಧಿ ಹೇಳುವವರೇ, ಸ್ವಲ್ಪ ಸುಮ್ಮನಿರಿ

“ಹ್ವಾಯ್, ನೀವ್ ಓದ್ದರ್ ಅಲ್ದಾ, ನಮ್ ಮಾಣಿಗ್ ಒಂಚೂರ್ ಬುದ್ಧಿ ಹೇಳಿ” ಎಂದು ಅಕ್ಕ ಕರೆದಾಗ ಹಿಂದೆಮುಂದೆ ನೋಡದೆ ಹೋದೆ. ಬೈಂದೂರು ಕಡೆಯ ಒಂದು ಹಳ್ಳಿ. ಸಂಶೋಧನೆಗೆಂದು ಹೆಂಗಸರ ಹಾಡು, ಕತೆ ಸಂಗ್ರಹಿಸಲು ಎರಡು ವರ್ಷದಿಂದ ಆ ಕೇರಿಗೆ ಹೋಗಿಬರುತ್ತಿದ್ದೇನೆ. ಅಕ್ಕ ನನಗೆ ಹತ್ತಾರು ಹಾಡು ಹೇಳಿದವರು. ಗೇರುಬೀಜದ ಫ್ಯಾಕ್ಟರಿಗೆ ಹೋಗುತ್ತಾರೆ. ಗಂಡ ಬೋಟಿಗೆ ಹೋಗುವವರು. ಈಗೀಗ ಹೋಗುವ ದಿನಕ್ಕಿಂತ ಹೋಗದ ದಿನಗಳೇ ಹೆಚ್ಚು. ಕುಡಿತ. ಹದಿನೈದರ ಮಗ ಶಾಲೆ ತಪ್ಪಿಸುತ್ತಿದ್ದ. ರಾತ್ರಿ ನಿಲ್ಲಿಸಿದ ಸ್ಕೂಟರುಗಳಿಂದ ಪೆಟ್ರೋಲ್ ಕದಿಯುವಾಗ ಇನ್ನಿಬ್ಬರ ಜೊತೆ ಸಿಕ್ಕಿಬಿದ್ದಿದ್ದ. (ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

ನಲವತ್ತು ನಿಮಿಷ ಮಾತಾಡಿದೆ. ಅಮ್ಮನ ಕಷ್ಟ ನೋಡು ಎಂದೆ. ಎಸ್ಸೆಸ್ಸೆಲ್ಸಿ ಹತ್ತಿರ ಬಂತು ಎಂದೆ. ಸಹವಾಸದೋಷದ ಬಗ್ಗೆ ಹೇಳಿದೆ. ನನ್ನದೇ ಉದಾಹರಣೆ ಕೊಟ್ಟೆ, ಅದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಹುಡುಗ ನೆಲ ನೋಡುತ್ತಾ ಹೂಂಗುಟ್ಟಿದ. ಜಗಲಿಯ ಮೂಲೆಯಲ್ಲಿದ್ದ ಅಪ್ಪ ನನ್ನ ಮಾತಿಗೆಲ್ಲ ತಲೆಯಾಡಿಸಿ, ಕೊನೆಗೆ ತಾವೂ ಎರಡು ಮಾತು ಸೇರಿಸಿದರು. ಚಾ ಬಂತು. ಬಸ್ಸಿನಲ್ಲಿ ಮರಳುವಾಗ ಒಂದು ಒಳ್ಳೆಯ ಕೆಲಸ ಮಾಡಿದೆನೆಂಬ ಸಮಾಧಾನ ನನಗಿತ್ತು.

ಹದಿನೈದು ದಿನಕ್ಕೆ ಹುಡುಗ ಮನೆ ಬಿಟ್ಟ. ಬೆಂಗಳೂರಿನ ಒಂದು ಹೋಟೆಲಿನಲ್ಲಿ ಊರಿನವರ ಕಣ್ಣಿಗೆ ಬಿದ್ದು ವಾಪಸ್ ಬಂದ. ಮುಂದಿನ ಸಲ ನಾನು ಹೋದಾಗ ಬಸ್ ಸ್ಟಾಪಿನವರೆಗೆ ಜೊತೆಗೆ ನಡೆದ. ದಾರಿಯುದ್ದಕ್ಕೂ ಸುಮ್ಮನಿದ್ದವನು ಬಸ್ಸು ಕಾಣಿಸುತ್ತಿದ್ದಂತೆ ಹೇಳಿದ: “ಮನ್ಯಂಗೆ ಅಣ್ಣನ್ ಹೆಸ್ರೇ ಯಾರೂ ಹೇಳುದಿಲ್ಲ. ನೀವೂ ಕೇಳ್ಲಿಲ್ಲ.”

ಅವನಿಗೊಬ್ಬ ಅಣ್ಣನಿದ್ದ. ಮೂರು ವರ್ಷದ ಹಿಂದೆ ಹೈವೇಯಲ್ಲಿ ಬೈಕ್ ಅಪಘಾತದಲ್ಲಿ ಹೋಗಿದ್ದ. ಎರಡು ವರ್ಷ ಆ ಮನೆಯ ಹಾಡು ರೆಕಾರ್ಡ್ ಮಾಡಿಕೊಂಡ ನನಗೆ ಇದು ಗೊತ್ತಿರಲಿಲ್ಲ.

ನನ್ನ ತಕರಾರು ಇಲ್ಲಿಂದ ಶುರು, ಮತ್ತು ಮೊದಲು ನನ್ನ ಮೇಲೆಯೇ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಉದ್ದಕ್ಕೂ ನಾವು ‘ಕೌನ್ಸೆಲಿಂಗ್’ ಎಂದು ಕರೆಯುತ್ತಿರುವುದು ಬುದ್ಧಿವಾದಕ್ಕೆ ಕೊಟ್ಟ ಹೊಸ ಹೆಸರು. ಶಾಲೆಯಲ್ಲಿ ಹೆಡ್‌ಮಾಸ್ಟರು ಕೌನ್ಸೆಲಿಂಗ್ ಮಾಡುತ್ತಾರೆ, ಠಾಣೆಯಲ್ಲಿ ಪೊಲೀಸರು ಮಾಡುತ್ತಾರೆ, ಸಂಘದ ಅಧ್ಯಕ್ಷರು ಮಾಡುತ್ತಾರೆ, ನನ್ನಂಥ ಪಿಎಚ್‌ಡಿ ವಿದ್ಯಾರ್ಥಿಯೂ ಮಾಡುತ್ತಾನೆ. ಸರಕಾರಿ ಕನ್ನಡದಲ್ಲಿ ಇದಕ್ಕೆ ‘ಆಪ್ತಸಮಾಲೋಚನೆ’ ಎಂಬ ಚಂದದ ಪದವಿದೆ. ಆಪ್ತನಾಗಬೇಕು, ಜೊತೆಯಲ್ಲಿ ಕೂತು ಆಲೋಚಿಸಬೇಕು. ನಾವು ಎರಡನ್ನೂ ಬಿಟ್ಟು ಭಾಷಣ ಮಾಡಿ ಎದ್ದು ಬರುತ್ತೇವೆ.

ಎರಡನೆಯ ತಪ್ಪು ಇನ್ನೂ ದೊಡ್ಡದು. ಒಂದು ಮನೆಯ ಸಂಕಟವನ್ನು ಮೂರು ತುಂಡು ಮಾಡಿ ಮೂರು ಬಾಗಿಲಿಗೆ ಕಳಿಸುತ್ತೇವೆ. ಅಪ್ಪನ ಕುಡಿತಕ್ಕೆ ಮದ್ಯವರ್ಜನ ಶಿಬಿರ ಅಥವಾ ಆಸ್ಪತ್ರೆ. ಮಗನ ಕಳ್ಳತನಕ್ಕೆ ಠಾಣೆ ಅಥವಾ ಊರ ಹಿರಿಯರ ಪಂಚಾಯ್ತಿ. ಸತ್ತವನ ದುಃಖಕ್ಕೆ ಬೊಜ್ಜ. ಅದೂ ಸಾಲದಾದರೆ ಜೋಯಿಸರ ಹತ್ತಿರ ಪ್ರಶ್ನೆ, ಪಾತ್ರಿಯ ಹತ್ತಿರ ದರ್ಶನ. ಅಮ್ಮನಿಗೆ ಬಾಗಿಲೇ ಇಲ್ಲ. ‘ಅನುಸರಿಸಿಕೊಂಡು ಹೋಗು’ ಎಂಬ ಒಂದು ಮಾತಿದೆ, ಅದು ಎಲ್ಲ ಬಾಗಿಲಲ್ಲೂ ಪುಕ್ಕಟೆ ಸಿಗುತ್ತದೆ. ಅಪ್ಪ ಹೆಚ್ಚು ಕುಡಿಯತೊಡಗಿದ್ದು, ತಮ್ಮ ಶಾಲೆ ಬಿಡತೊಡಗಿದ್ದು, ಅಕ್ಕ ಹಾಡು ಮರೆಯತೊಡಗಿದ್ದು ಒಂದೇ ಮಳೆಗಾಲದಲ್ಲಿ ಎಂಬುದನ್ನು ಒಟ್ಟಿಗೆ ಇಟ್ಟು ನೋಡುವುದು ಮೂರು ಬಾಗಿಲಲ್ಲಿ ಯಾರ ಕೆಲಸವೂ ಅಲ್ಲ. ಅಕ್ಕ ಹಾಡುಗಳನ್ನು ಅರ್ಧಕ್ಕೆ ನಿಲ್ಲಿಸಿದಾಗ ‘ಮರೆವು’ ಎಂದು ನಾನು ಟಿಪ್ಪಣಿ ಮಾಡಿಕೊಂಡಿದ್ದೇನೆ. ಪುಸ್ತಕ ಇನ್ನೂ ನನ್ನ ಬಳಿ ಇದೆ.

ಕುಡಿತದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಇಲ್ಲಿ ಬುದ್ಧಿವಾದ ಬರೀ ನಿರುಪಯೋಗಿಯಲ್ಲ, ಅಪಾಯ ಕೂಡ. ನಮ್ಮಲ್ಲಿ ಕುಡಿತ ಬಿಡಿಸುವುದೆಂದರೆ ಆಣೆ ಹಾಕಿಸುವುದು. ದೇವರ ಮುಂದೆ, ಮಕ್ಕಳ ತಲೆ ಮುಟ್ಟಿಸಿ. ಆ ಮನೆಯಲ್ಲೂ ಆಗಿತ್ತು. ವರ್ಷಗಟ್ಟಲೆ ದಿನಾ ಕುಡಿದ ದೇಹ ಒಮ್ಮೆಲೇ ಕುಡಿತ ಬಿಟ್ಟರೆ ಎರಡು ಮೂರು ದಿನದಲ್ಲಿ ಕೈ ನಡುಕ, ಬೆವರು, ನಿದ್ರೆಯಿಲ್ಲದಿರುವುದು, ಕೆಲವರಿಗೆ ಫಿಟ್ಸ್, ಇಲ್ಲದ್ದು ಕಾಣುವುದು, ದಿಕ್ಕುತಪ್ಪಿದ ಮಾತು. ಚಿಕಿತ್ಸೆ ಸಿಗದಿದ್ದರೆ ಜೀವವೂ ಹೋಗಬಹುದು. ಆಣೆ ಹಾಕಿದ ಮೂರನೆಯ ದಿನ ಅವರು ಮೂಲೆ ನೋಡಿ ಯಾರನ್ನೋ ಕರೆದಾಗ ಮನೆಯವರು ಅಂದುಕೊಂಡದ್ದು ಸತ್ತ ಮಗ ಬಂದಿದ್ದಾನೆ ಎಂದು. ಆಸ್ಪತ್ರೆಗಿಂತ ಮೊದಲು ಪಾತ್ರಿಗೆ ಹೇಳಿಕಳಿಸಿದರು. ಪಕ್ಕದ ಮನೆಯ ಒಬ್ಬರು ಒಂದು ಕ್ವಾರ್ಟರ್ ತಂದುಕೊಟ್ಟರು, ನಡುಕ ನಿಂತಿತು. ಊರಿನಲ್ಲಿ ಉಳಿದದ್ದು ‘ಆಣೆ ಮುರಿದವನು’ ಎಂಬ ಹೆಸರು.

ಶಿಬಿರಗಳನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಜನಜಾಗೃತಿ ವೇದಿಕೆಯ ಎಂಟು ದಿನದ ಮದ್ಯವರ್ಜನ ಶಿಬಿರಗಳು ನಮ್ಮ ಹಳ್ಳಿಗಳಲ್ಲಿ ಕುಡುಕನನ್ನು ಚರಂಡಿಯಿಂದೆತ್ತಿ ಹತ್ತು ಜನರೆದುರು ಮನುಷ್ಯನಾಗಿ ಕೂರಿಸಿವೆ. ಕುಡಿತ ಬಿಟ್ಟವರಿಗೆಂದೇ ನವಜೀವನ ಸಮಿತಿಗಳಿವೆ. ಉಡುಪಿಯ ದೊಡ್ಡಣಗುಡ್ಡೆಯಲ್ಲಿ ಡಾ. ಎ. ವಿ. ಬಾಳಿಗಾ ಸ್ಮಾರಕ ಆಸ್ಪತ್ರೆ ಇದೆ. ಕುಡಿತ ಒಂದು ಕಾಯಿಲೆ ಎಂಬ ಮಾತನ್ನು ಈ ಕರಾವಳಿಯಲ್ಲಿ ಕನ್ನಡದಲ್ಲಿ ಮತ್ತೆ ಮತ್ತೆ ಹೇಳಿದವರು ಅಲ್ಲಿನ ವೈದ್ಯರು. ಆದರೆ ಎಂಟು ದಿನ ಮುಗಿಸಿ ಬರುವವನು ಬರುವುದು ಅದೇ ಮನೆಗೆ. ಅಲ್ಲಿ ಗೋಡೆಯ ಮೇಲೆ ಹಾರ ಹಾಕಿದ ಫೋಟೋ, ಅದರ ಕಡೆ ಯಾರೂ ನೋಡದ ಮೌನ, ಅಪ್ಪನ ಮುಖ ನೋಡದ ಮಗ. ಆ ಮನೆಗೆ ಚಿಕಿತ್ಸೆ ಕೊಟ್ಟವರು ಯಾರು?

ದುಃಖದ ವಿಷಯದಲ್ಲಂತೂ ನಾವು ನಮ್ಮ ಅಜ್ಜಿಯರಿಗಿಂತ ದಡ್ಡರಾಗಿದ್ದೇವೆ. ಬೊಜ್ಜ ಮುಗಿದ ಮರುದಿನದಿಂದ ‘ಮರೆತುಬಿಡಿ, ಇರುವ ಮಗನನ್ನು ನೋಡಿಕೊಳ್ಳಿ’ ಎನ್ನುವುದು ಇಂದಿನ ಸಾಂತ್ವನ. ಹಳಬರು ಹಾಗೆ ಹೇಳಲಿಲ್ಲ. ವರ್ಷಾವಧಿ ಇಟ್ಟರು, ಸತ್ತವರಿಗೆ ಎಡೆ ಇಟ್ಟರು. ಸ್ವಲ್ಪ ತೆಂಕಕ್ಕೆ ಹೋದರೆ ತುಳು ಮನೆಗಳಲ್ಲಿ ಎಳವೆಯಲ್ಲಿ ಸತ್ತ ಮಕ್ಕಳಿಗೆ ವಯಸ್ಸಿಗೆ ಬಂದಾಗ ಮದುವೆ ಮಾಡುವ ಪದ್ಧತಿಯಿದೆ, ಪ್ರೇತಮದುವೆ. ಓದಿದವರು ಇದನ್ನು ಮೌಢ್ಯವೆಂದು ನಗುತ್ತಾರೆ, ಯೂಟ್ಯೂಬಿನವರು ವಿಚಿತ್ರವೆಂದು ವೀಡಿಯೊ ಮಾಡುತ್ತಾರೆ. ನನಗೆ ಕಾಣುವುದು ಬೇರೆ: ಸತ್ತ ಮಗು ತಾಯಿಯ ಲೆಕ್ಕದಲ್ಲಿ ಬೆಳೆಯುತ್ತಲೇ ಇರುತ್ತದೆ ಎಂಬುದನ್ನು ಒಂದು ಸಮಾಜ ಒಪ್ಪಿಕೊಂಡು, ಅದಕ್ಕೆ ಊಟದ ಎಲೆ ಹಾಕಿದ ರೀತಿ ಅದು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ ಹನ್ನೊಂದನೆಯ ಪರಿಷ್ಕರಣೆಯಲ್ಲಿ ಆರು ತಿಂಗಳು ಮೀರಿಯೂ ಬದುಕನ್ನು ಹಿಂಡುವ ಶೋಕಕ್ಕೆ ಪ್ರತ್ಯೇಕ ಹೆಸರೇ ಇದೆ. ಅಜ್ಜಿಗೂ ಗೊತ್ತಿತ್ತು, ಜಿನೀವಾಕ್ಕೂ ಗೊತ್ತು. ನಡುವೆ ಗೊತ್ತಿಲ್ಲದವರು ನಾವು.

ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು 1933ರಲ್ಲಿ ‘ಚೋಮನ ದುಡಿ’ ಪ್ರಕಟಿಸಿದರು. ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಅದನ್ನು ಭೂಮಿಯ, ಜಾತಿಯ ಕತೆಯಾಗಿ ಓದುತ್ತೇವೆ, ಸರಿಯೇ. ಆದರೆ ಆ ಗುಡಿಸಲನ್ನು ಒಮ್ಮೆ ಹೀಗೂ ನೋಡಿ. ಕುಡಿಯುವ ಅಪ್ಪ, ತೀರದ ಸಾಲ, ಒಬ್ಬೊಬ್ಬರಾಗಿ ಕೈತಪ್ಪುವ ಗಂಡುಮಕ್ಕಳು, ಎಲ್ಲವನ್ನೂ ಹೊರುವ ಮಗಳು ಬೆಳ್ಳಿ. ಒಬ್ಬ ಮಗ ನೀರಿನಲ್ಲಿ ಮುಳುಗುತ್ತಿರುವಾಗ ಮುಟ್ಟಿ ಎತ್ತಲು ಮೇಲ್ಜಾತಿಯ ಕೈ ಮುಂದೆ ಬರುವುದಿಲ್ಲ. ಇವತ್ತಿನ ನಾವಾಗಿದ್ದರೆ ಚೋಮನನ್ನು ಶಿಬಿರಕ್ಕೆ ಸೇರಿಸಿ, ಮಕ್ಕಳಿಗೆ ಬುದ್ಧಿ ಹೇಳಿ, ಬೆಳ್ಳಿಗೆ ಅನುಸರಿಸಿಕೊಂಡು ಹೋಗು ಎನ್ನುತ್ತಿದ್ದೆವು. ಕಾರಂತರು ಅವರನ್ನು ಬಿಡಿಬಿಡಿಯಾಗಿ ನೋಡಲಿಲ್ಲ. ಚೋಮನ ಮಾತು ಕೇಳಲು ಮನುಷ್ಯರು ಯಾರೂ ಇರಲಿಲ್ಲ, ದುಡಿ ಇತ್ತು. ಇನ್ನೊಂದನ್ನೂ ಆ ಕಾದಂಬರಿ ಹೇಳುತ್ತದೆ: ಚೋಮನಿಗೆ ಬೇಕಾದದ್ದು ಸಾಂತ್ವನವಲ್ಲ, ಭೂಮಿ. ಕೌನ್ಸೆಲಿಂಗ್ ನ್ಯಾಯದ ಜಾಗದಲ್ಲಿ ಕೂರಬಾರದು ಎಂಬ ಎಚ್ಚರ ನನಗೆ ಅಲ್ಲಿಂದಲೇ ಬಂದದ್ದು.

ಹುಡುಗನ ಕತೆಗೆ ಬಂದರೆ, ಅವನನ್ನು ಹಿಡಿದವರು ಠಾಣೆಗೆ ಕೊಡಲಿಲ್ಲ. ‘ಊರಲ್ಲೇ ಮುಗಿಸಿದರು’. ದೊಡ್ಡ ಉಪಕಾರವೆಂಬಂತೆ ಇದನ್ನು ಹೇಳುತ್ತಾರೆ. ಊರಲ್ಲಿ ಮುಗಿಸುವುದೆಂದರೆ ಮೂವರನ್ನೂ ಸಾಲಾಗಿ ನಿಲ್ಲಿಸಿ ಬಸ್ಕಿ ಹೊಡೆಸಿ, ವೀಡಿಯೊ ಮಾಡಿ, ವಾಟ್ಸಾಪ್ ಗ್ರೂಪಿಗೆ ಹಾಕುವುದು. 2015ರ ಬಾಲನ್ಯಾಯ ಕಾಯ್ದೆ ಇದಕ್ಕಿಂತ ಮರ್ಯಾದಸ್ತವಾಗಿದೆ. ಅದು ‘ಬಾಲಾಪರಾಧಿ’ ಎನ್ನುವುದಿಲ್ಲ, ‘ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು’ ಎನ್ನುತ್ತದೆ. ಮಗುವನ್ನು ಲಾಕಪ್ಪಿಗೆ ಹಾಕುವಂತಿಲ್ಲ. ಪ್ರಕರಣದಲ್ಲಿರುವ ಮಗುವಿನ ಗುರುತು ಬಯಲು ಮಾಡುವುದು 74ನೇ ಕಲಮಿನ ಪ್ರಕಾರ ಅಪರಾಧ. ಎಲ್ಲಕ್ಕಿಂತ ಮುಖ್ಯವಾಗಿ 18ನೇ ಕಲಮು: ತಿಳಿಹೇಳಿ ಮನೆಗೆ ಕಳಿಸುವಾಗ ಆಪ್ತಸಮಾಲೋಚನೆ ಮಗುವಿಗಷ್ಟೇ ಅಲ್ಲ, ತಂದೆತಾಯಿಗೂ ಆಗಬೇಕು ಎನ್ನುತ್ತದೆ. ಮನೆಯನ್ನು ಒಂದಾಗಿ ನೋಡಬೇಕೆಂಬ ತಿಳಿವಳಿಕೆ ಕಾನೂನಿನ ಒಣ ಭಾಷೆಯಲ್ಲಿದೆ, ಊರ ಹಿರಿಯರ ಒದ್ದೆ ಕಣ್ಣಿನಲ್ಲಿಲ್ಲ.

ಸರಕಾರದ ಮಾತು ಚಿಕ್ಕದಾಗಿ ಮುಗಿಸುತ್ತೇನೆ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾಯಿತು. 2025-26ರ ಬಜೆಟ್ಟಿನಲ್ಲಿ ಅಬಕಾರಿ ಇಲಾಖೆಗೆ ಕೊಟ್ಟ ಗುರಿ 40,000 ಕೋಟಿ ರೂಪಾಯಿ. ಇಷ್ಟು ಕುಡಿಸಬೇಕೆಂಬುದಕ್ಕೆ ಗುರಿ ಇದೆ. ಕುಡಿದವನ ಮನೆಯಲ್ಲಿ ಎಷ್ಟು ಸಲ ಹೋಗಿ ಕೂರಬೇಕೆಂಬುದಕ್ಕೆ? ನಾಚಿಕೆಯ ವಿಷಯವೆಂದರೆ ದಾರಿ ತೋರಿಸಿದ್ದೇ ನಾವು. ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿಯಲ್ಲಿ ಮಾಡಿದ ಪ್ರಯೋಗವೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಬೈಂದೂರೂ ಬ್ರಹ್ಮಾವರವೂ 2018ರಲ್ಲಿ ತಾಲೂಕುಗಳಾದವು, ಫಲಕ ಬದಲಾಯಿತು. ಅಕ್ಕನಿಗೆ ಮಾತ್ರ ಮನೋವೈದ್ಯರೆಂದರೆ ಇನ್ನೂ ಉಡುಪಿ, ಬಸ್ಸಿನಲ್ಲಿ ಹತ್ತಿರ ಹತ್ತಿರ ಎರಡು ಗಂಟೆ, ಫ್ಯಾಕ್ಟರಿಯಲ್ಲಿ ಒಂದು ದಿನದ ಸಂಬಳ ಖೋತಾ. ಟೆಲಿಮಾನಸ್ ಸಹಾಯವಾಣಿ 14416 ಇದೆ, ಪುಕ್ಕಟೆ, ಕನ್ನಡದಲ್ಲೂ ಮಾತಾಡುತ್ತಾರೆ. ಆ ಕೇರಿಯ ಅಂಗಡಿ ಗೋಡೆಗಳ ಮೇಲೆ ಆ ನಂಬರು ನಾನು ನೋಡಿಲ್ಲ. ವೈನ್‌ಶಾಪಿಗೆ ದಾರಿ ತೋರಿಸುವ ಬಾಣ ನೋಡಿದ್ದೇನೆ.

ಮನೆಯವರನ್ನೆಲ್ಲ ಕೂರಿಸಿಕೊಂಡು ಮಾತಾಡುವುದು ಪಶ್ಚಿಮದ ಶೋಕಿ, ನಮ್ಮ ಜನಕ್ಕೆ ಒಗ್ಗುವುದಿಲ್ಲ ಎನ್ನುವವರಿದ್ದಾರೆ. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ 1950ರ ದಶಕದಲ್ಲೇ ಆವರಣದಲ್ಲಿ ಗುಡಾರ ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಇರಿಸಿಕೊಂಡಿದ್ದರು. ಕನ್ನಡದಲ್ಲಿ ಡಾ. ಸಿ. ಆರ್. ಚಂದ್ರಶೇಖರ್ ಮನಸ್ಸಿನ ಕಾಯಿಲೆಗಳ ಬಗ್ಗೆ ಸಾಮಾನ್ಯರಿಗಾಗಿ ಪುಸ್ತಕದ ಮೇಲೆ ಪುಸ್ತಕ ಬರೆದರು, ವೈದ್ಯರಲ್ಲದವರಿಗೂ ಆಪ್ತಸಮಾಲೋಚನೆ ಕಲಿಸಿದರು. ಹಾಗಾದರೆ ನಮ್ಮ ಆಶಾ ಕಾರ್ಯಕರ್ತೆಗೆ ಏಕೆ ಕಲಿಸಬಾರದು? ಯಾವ ಮನೆಯಲ್ಲಿ ಯಾರು ಸತ್ತರು, ಯಾರು ಎಷ್ಟಕ್ಕೆ ಕುಡಿಯುತ್ತಾರೆ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಅದಕ್ಕೆ ಸರಿಯಾದ ತರಬೇತಿ, ಸರಿಯಾದ ಸಂಬಳ ಎರಡೂ ಬೇಕು. ಈಗಿರುವ ಹೊರೆಯ ಮೇಲೆ ಇನ್ನೊಂದು ರಿಜಿಸ್ಟರ್ ಹೇರುವುದಾದರೆ ಬೇಡವೇ ಬೇಡ.

ಇನ್ನೊಂದು ಆಕ್ಷೇಪವನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ನನ್ನ ಗೆಳತಿಯೊಬ್ಬಳು ಕೇಳಿದಳು: “ಎಲ್ಲರನ್ನೂ ಒಟ್ಟಿಗೆ ಕೂರಿಸುತ್ತೀಯಲ್ಲ, ಅವನು ಅವಳಿಗೆ ಹೊಡೆಯುವವನಾದರೆ?” ಹೊಡೆತವಿರುವ ಮನೆಯಲ್ಲಿ ಮೊದಲ ಕೆಲಸ ಹೆಂಗಸು ಮತ್ತು ಮಕ್ಕಳ ರಕ್ಷಣೆ; 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇರುವುದು ಅದಕ್ಕೆ. ಸಂಸಾರ ಉಳಿಸುವ ಹೆಸರಿನಲ್ಲಿ ಅವಳನ್ನು ವಾಪಸ್ ಕಳಿಸುವುದು ಸಮಾಲೋಚನೆಯಲ್ಲ, ಪಿತೂರಿ. ಹಾಗೆಯೇ, ಪೆಟ್ರೋಲ್ ಕಳೆದುಕೊಂಡವನ ಸಿಟ್ಟೂ ನಿಜ. ಹುಡುಗ ಆ ದುಡ್ಡು ತೀರಿಸಲಿ, ಕೆಲಸ ಮಾಡಿ ತೀರಿಸಲಿ. ಬಸ್ಕಿಯಿಂದ ಯಾರ ಟ್ಯಾಂಕೂ ತುಂಬುವುದಿಲ್ಲ.

ಮೊನ್ನೆ ಜೂನ್‌ನಲ್ಲಿ ಹೋದೆ. ಮೀನುಗಾರಿಕೆ ರಜೆ, 61 ದಿನ ಬೋಟು ನಿಂತಿರುವ ಕಾಲ. ಅಪ್ಪ ಜಗಲಿಯಲ್ಲಿದ್ದರು, ಆಸ್ಪತ್ರೆಯ ಮಾತ್ರೆ ನಡೆಯುತ್ತಿದೆ, ನಡುವೆ ಎರಡು ಸಲ ಕುಡಿದದ್ದೂ ಆಗಿದೆ. ರೆಕಾರ್ಡರ್ ಒಯ್ದಿರಲಿಲ್ಲ. “ದೊಡ್ಡವ ಹ್ಯಾಂಗಿದ್ದ ಅಕ್ಕ?” ಎಂದು ಕೇಳಿದೆ. ಅಕ್ಕ ಬಹಳ ಹೊತ್ತು ಅಕ್ಕಿ ಆರಿಸಿದರು. ಆಮೇಲೆ ಎದ್ದುಹೋಗಿ ಟ್ರಂಕಿನಿಂದ ಒಂದು ಕಬಡ್ಡಿ ಜೆರ್ಸಿ ತಂದು ತೊಡೆಯ ಮೇಲಿಟ್ಟುಕೊಂಡರು. ಒಂಬತ್ತನೇ ಕ್ಲಾಸಿನಲ್ಲಿ ತಾಲೂಕು ಮಟ್ಟಕ್ಕೆ ಹೋದಾಗಿನದ್ದು ಎಂದರು. ಜಗಲಿಯಿಂದ ಅಪ್ಪ, ಒಂಬತ್ತಲ್ಲ ಎಂಟನೇ ಕ್ಲಾಸು, ಆ ವರ್ಷವೇ ತಾನು ಹೊಸ ಬಲೆ ಮಾಡಿಸಿದ್ದು ಎಂದರು. ಒಳಗಿನಿಂದ ಬಂದ ಹುಡುಗ ಇಬ್ಬರದ್ದೂ ತಪ್ಪು ಎಂದ. ಮೂವರೂ ಅದರ ಮೇಲೆ ವಾದಕ್ಕೆ ನಿಂತರು. ಹುಡುಗ ಜೆರ್ಸಿಯನ್ನು ತಿರುಗಿಸಿ ಕಾಲರಿನ ಒಳಗೆ ಬರೆದಿದ್ದ ಇಸವಿ ಹುಡುಕತೊಡಗಿದ. ಐದೂಕಾಲರ ಬಸ್ಸು ಹೋಯಿತು, ನಾನು ಎದ್ದಿರಲಿಲ್ಲ.