ಕೊಳ್ಳುವವನೂ ಪಾಲುದಾರನೇ

ಮತ ಹಾಕಿ ಬಂದವರೆಲ್ಲ ಎಡಗೈ ತೋರುಬೆರಳು ಎತ್ತಿ ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಶಾಯಿ ನಮ್ಮ ಮೈಸೂರಿನದು ಎಂಬ ಹೆಮ್ಮೆ ಕನ್ನಡಿಗರಿಗಿದೆ. ಆದರೆ ಅದು ಮೈಸೂರೊಂದರಿಂದಲೇ ಆದದ್ದಲ್ಲ.

ಸೂತ್ರ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು. ಅದನ್ನು ಪರವಾನಗಿ ಕೊಟ್ಟು ಕಾರ್ಖಾನೆಗೆ ದಾಟಿಸಿದ್ದು ರಾಷ್ಟ್ರೀಯ ಸಂಶೋಧನಾ ಅಭಿವೃದ್ಧಿ ನಿಗಮ. ತಯಾರಿಸಿದ್ದು ನಾಲ್ವಡಿ ಕೃಷ್ಣರಾಜ ಒಡೆಯರ್ 1937ರಲ್ಲಿ ಕಟ್ಟಿಸಿದ ಅರಗು ಮತ್ತು ಬಣ್ಣದ ಕಾರ್ಖಾನೆ, ಇಂದಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್. ಶಾಯಿಯಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಉಪ್ಪಿನೊಂದಿಗೆ ಬೆರೆತು, ಬೆಳಕು ತಾಗಿದೊಡನೆ ಕಪ್ಪಾಗುತ್ತದೆ; ಸೋಪಿಗೆ ಬಗ್ಗುವುದಿಲ್ಲ. ಇಷ್ಟೇ ಇದ್ದಿದ್ದರೆ ಅದು ಪ್ರಯೋಗಾಲಯದ ಕಪಾಟಿನಲ್ಲೇ ಉಳಿದುಬಿಡುತ್ತಿತ್ತೇನೋ. ಇದು ತನಗೆ ಬೇಕು ಎಂದು ಚುನಾವಣಾ ಆಯೋಗ ಮೊದಲಿಂದಲೂ ಜೊತೆಗಿತ್ತು. 1962ರ ಮಹಾಚುನಾವಣೆಗೆ ಬಂದ ಶಾಯಿ ಇಂದು ಹೊರದೇಶಗಳ ಮತಗಟ್ಟೆಗಳಿಗೂ ಹೋಗುತ್ತದೆ.

ಈಗ ಸಿಂಪ್ಯೂಟರ್ ನೆನಪಿಸಿಕೊಳ್ಳಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು, ಎನ್‌ಕೋರ್ ಎಂಬ ಸಾಫ್ಟ್‌ವೇರ್ ಕಂಪನಿಯವರು ಸೇರಿ ಟ್ರಸ್ಟ್ ಮಾಡಿಕೊಂಡು, ಹಳ್ಳಿಯವರೂ ಬಳಸಬಲ್ಲ ಅಗ್ಗದ ಅಂಗೈ ಕಂಪ್ಯೂಟರೊಂದನ್ನು ರೂಪಿಸಿದರು. ಲಿನಕ್ಸ್ ತಂತ್ರಾಂಶ, ಮುಟ್ಟಿದರೆ ಓಗೊಡುವ ಪರದೆ, ಬರೆದದ್ದನ್ನು ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ಸೌಲಭ್ಯ ಎಲ್ಲವೂ ಇತ್ತು. 2004ರಲ್ಲಿ ಬಿಇಎಲ್ ಅದನ್ನು ತಯಾರಿಸಿ ಮಾರುಕಟ್ಟೆಗೂ ತಂದಿತು. ಐಫೋನ್ ಬಂದದ್ದು ಇನ್ನೂ ಮೂರು ವರ್ಷ ಕಳೆದ ಮೇಲೆ! ಬುದ್ಧಿವಂತರಿಗೇನೂ ಕೊರತೆಯಿರಲಿಲ್ಲ, ತಯಾರಕರೂ ಸಣ್ಣವರಲ್ಲ. ಆದರೂ ಮಾರಾಟ ಮೇಲೇಳಲಿಲ್ಲ. ಇಷ್ಟು ಸಾವಿರ ನಾವು ಕೊಳ್ಳುತ್ತೇವೆ, ನಮ್ಮ ಗ್ರಾಮಲೆಕ್ಕಿಗರಿಗೆ ಹೀಗೆ ಮಾಡಿಕೊಡಿ ಎನ್ನುವ ಇಲಾಖೆಯೊಂದು ಆ ಟ್ರಸ್ಟಿನ ಪಕ್ಕದಲ್ಲಿ ಕೂತಿರಲಿಲ್ಲ. ಅಲ್ಲಲ್ಲಿ ಪ್ರಯೋಗಗಳಾದವು, ಅಷ್ಟೇ. ಬೆಲೆಯೂ ಹಳ್ಳಿಯ ಕೈಗೆಟುಕಲಿಲ್ಲ ಅನ್ನಿ. ಆದರೆ ದೊಡ್ಡ ಖರೀದಿ ಆದೇಶವಿಲ್ಲದೆ ಬೆಲೆ ಇಳಿಯುವುದಾದರೂ ಹೇಗೆ?

ಇವತ್ತು ಸಹಯೋಗವೆಂದರೆ ಒಡಂಬಡಿಕೆಗೆ ಸಹಿ, ಶಾಲು, ಕ್ಯಾಮೆರಾ. ಕೂಸು ಹುಟ್ಟುವ ಮುನ್ನವೇ ಕುಲಾವಿ. ಕಂಪನಿ, ಕಾಲೇಜು, ಸರ್ಕಾರ ಮೂವರೂ ಫೋಟೊದಲ್ಲಿರುತ್ತಾರೆ, ಕೊಳ್ಳುವವನು ಇರುವುದಿಲ್ಲ. ಸರ್ಕಾರ ನವೋದ್ಯಮಗಳಿಗೆ ಅನುದಾನ ಕೊಡುತ್ತದೆ, ಒಳ್ಳೆಯದೇ. ಆದರೆ ಅದೇ ಹುಡುಗರು ಇಲಾಖೆಯ ಬಾಗಿಲು ತಟ್ಟಿದರೆ ಹಿಂದಿನ ವಹಿವಾಟಿನ ದಾಖಲೆ ತನ್ನಿ ಎಂಬ ಟೆಂಡರ್ ಷರತ್ತು ಎದುರಾಗುತ್ತದೆ. ರಿಯಾಯಿತಿ ಆದೇಶಗಳಿವೆ ನಿಜ, ಸಹಿ ಹಾಕುವ ಅಧಿಕಾರಿಗೆ ಧೈರ್ಯವಿಲ್ಲ.

ಸಚಿವರು ಮುಂದಿನ ಒಡಂಬಡಿಕೆಗೆ ಸಹಿ ಹಾಕುವಾಗ, ಆ ವಸ್ತುವನ್ನು ನಾಳೆ ಬಳಸಬೇಕಾದ ಇಲಾಖೆಯ ಖರೀದಿ ಅಧಿಕಾರಿಯನ್ನೂ ಮೇಜಿಗೆ ಕರೆಸಲಿ. ಮೊದಲ ಕಂತಿನ ಆದೇಶ ಅಲ್ಲೇ ಬರೆಸಲಿ.